‘ಮೊದಲು ಮಾರ್ಕ್ಸ್ ಕಾರ್ಡ್ ತಗೊಂಡು ಬಾ’

ಸೇನಾ ಅಧಿಕಾರಿಗಳಾಗಲು ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆ ಬರೆಯಬೇಕು ಅಂತ ಯಾರೇ ಬಂದರೂ ನಮ್ಮ ಗಣಿತದ ಸರ್ ಮೊದಲು ಕೇಳುತ್ತಿದ್ದದ್ದು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು. ಈ ಪರೀಕ್ಷೆ ನಡೆಸುವ ಯುಪಿಎಸ್‌ಸಿ ಒಪ್ಪುವುದು ಅದರಲ್ಲಿರುವ ಹುಟ್ಟಿದ ತಾರೀಕನ್ನೇ. ಜಾತಕ, ಅಫಿಡವಿಟ್ ಯಾವುದೂ ನಡೆಯುವುದಿಲ್ಲ.

ನನ್ನ ಕಾರ್ಡನ್ನು ಮೇಜಿನ ಮೇಲಿಟ್ಟುಕೊಂಡು ಬೆರಳಿನ ಗೆಣ್ಣು ಎಣಿಸಿದರು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ಅಕಾಡೆಮಿಯಲ್ಲಿ ಕೋರ್ಸ್ ಶುರುವಾಗುವ ಹೊತ್ತಿಗೆ 16 ವರ್ಷ 6 ತಿಂಗಳು ತುಂಬಿರಬೇಕು, 19 ವರ್ಷ 6 ತಿಂಗಳು ಮೀರಿರಬಾರದು. ಪರೀಕ್ಷೆಯ ದಿನದ ವಯಸ್ಸು ಲೆಕ್ಕಕ್ಕಿಲ್ಲ. ಏಪ್ರಿಲ್ ಪರೀಕ್ಷೆ ಮುಂದಿನ ಜನವರಿ ಕೋರ್ಸಿಗೆ, ಸೆಪ್ಟೆಂಬರಿನದು ಮುಂದಿನ ಜುಲೈ ಕೋರ್ಸಿಗೆ. ದ್ವಿತೀಯ ಪಿಯುಸಿಯಲ್ಲಿ ಇರುವಾಗಲೇ ಅರ್ಜಿ ಹಾಕಬಹುದು. ‘ಪಿಯುಸಿ ಮುಗೀಲಿ ಸರ್, ಆಮೇಲೆ ನೋಡೋಣ’ ಅಂದವರ ಮೇಲೆ ಅವರಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಸಿಗುವ ಅವಕಾಶವೇ ಬೆರಳೆಣಿಕೆಯಷ್ಟು, ಅದರಲ್ಲಿ ಒಂದೆರಡನ್ನು ಸುಮ್ನೆ ಕಳೆಯುವುದು ಯಾಕೆ?

ಲಿಖಿತ ಪರೀಕ್ಷೆಗೆ 900 ಅಂಕ. ಗಣಿತ 300, ಸಾಮಾನ್ಯ ಸಾಮರ್ಥ್ಯ 600. ಆ 600ರಲ್ಲಿ 200 ಇಂಗ್ಲಿಷಿಗೆ. ಕನ್ನಡ ಮೀಡಿಯಂನಿಂದ ಬಂದ ನಮಗೆ ಕಷ್ಟ ಜಾಸ್ತಿ ಇದ್ದದ್ದು ಅಲ್ಲೇ. ಗಣಿತದಲ್ಲಿ ಎರಡೂವರೆ ಗಂಟೆಗೆ 120 ಪ್ರಶ್ನೆ, ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಡಿತ. ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದನ್ನೂ ಸರ್ ಅಭ್ಯಾಸ ಮಾಡಿಸಿದರು.

ಆದರೆ ನನಗೆ ಜಾಸ್ತಿ ನೆನಪಿರುವುದು ಸಂಜೆಯ ಕ್ಲಾಸು. ಬೋರ್ಡ್ ಮೇಲೆ ಒಂದು ಇಂಗ್ಲಿಷ್ ಪದ ಬರೆಯುವರು. 15 ಸೆಕೆಂಡಿನಲ್ಲಿ ನಾವೊಂದು ವಾಕ್ಯ ಬರೆಯಬೇಕು. ಡಸ್ಟರ್‌ನಿಂದ ಟೇಬಲ್ ಕುಟ್ಟಿ, ಅಳಿಸಿ, ಮುಂದಿನ ಪದ. ಲಿಖಿತ ಪರೀಕ್ಷೆ ಪಾಸಾದವರಿಗೆ ನಡೆಯುವ ಆಯ್ಕೆ ಸಂದರ್ಶನ ಎಸ್‌ಎಸ್‌ಬಿಯಲ್ಲಿ ಹೀಗೇ 60 ಪದ ಬರುತ್ತವೆ. ಒಮ್ಮೆ ‘ಫೇಲ್ಯೂರ್’ ಎಂದು ಬರೆದರು. ಸೋಲೇ ಗೆಲುವಿನ ಮೆಟ್ಟಿಲು ಅಂತ ಎಲ್ಲರೂ ಗೀಚಿದೆವು. ‘ಇದು ಗೋಡೆ ಬರಹ ಕಣ್ರೋ. ನಿಮ್ಮ ಮಾತು ಎಲ್ಲಿ?’ ಅಂದರು. ಬೆಂಗಳೂರಿನ ಎಸ್‌ಎಸ್‌ಬಿಯ ಐದು ದಿನವೂ ಆ ಪ್ರಶ್ನೆ ನನ್ನ ಕಿವಿಯಲ್ಲೇ ಇತ್ತು. ಅವರು ಇಲ್ಲದಿದ್ದರೆ ನಾನು ಖಡಕ್‌ವಾಸ್ಲಾ ನೋಡುತ್ತಿರಲಿಲ್ಲ.

ಆ ಕ್ಲಾಸಿನಲ್ಲಿ ನಮಗಿಂತ ಚುರುಕಾಗಿದ್ದ ಹುಡುಗಿಯರಿದ್ದರು. ಆಗ ಎನ್‌ಡಿಎ ಅವರಿಗೆ ಇರಲಿಲ್ಲ. ಅದು ನನಗೆ ಇಂದಿಗೂ ಬೇಸರದ ವಿಷಯ. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ದಾರಿ ತೆರೆಯಿತು. 2025ರ ಮೇ ತಿಂಗಳಲ್ಲಿ 17 ಹುಡುಗಿಯರ ಮೊದಲ ತಂಡ ತರಬೇತಿ ಮುಗಿಸಿತು. ನಮ್ಮ ಕಾಲೇಜಿನಿಂದ ಬರೆಯಬೇಕು ಅನ್ನುವ ತಂಗಿಯರು ಯಾರೇ ಇದ್ದರೂ ಆಫೀಸಿನಲ್ಲಿ ನನ್ನ ನಂಬರ್ ಕೇಳಿ ಫೋನ್ ಮಾಡಿ. ಪ್ರಥಮ ಪಿಯುಸಿಯಲ್ಲೇ ಮಾಡಿದರೆ ಇನ್ನೂ ಒಳ್ಳೆಯದು.