ತುಕ್ಕು ಹಿಡಿದ ಮೊಳೆ

ಕ್ಯಾಲೆಂಡರ್ ನೇತುಹಾಕೋಣ ಅಂತ ಬೆಳಿಗ್ಗೆ ಮೊಳೆ ಡಬ್ಬಿ ತೆಗೆದೆ. ಬಾಲ್ಕನಿಯಲ್ಲಿತ್ತು, ಮಳೆನೀರು ಒಳಗೆ ಹೋಗಿದೆ. ಅಷ್ಟೂ ಮೊಳೆ ಅಂಟಿಕೊಂಡು ಒಂದೇ ಮುದ್ದೆ. ಬೆರಳಿಗೆಲ್ಲ ಇಟ್ಟಿಗೆ ಬಣ್ಣದ ಪುಡಿ.

ಬಿಸಾಡೋಕೆ ಹೋದವಳು ಹಾಗೇ ನಿಂತೆ.

ತುಕ್ಕು ಅಂದ್ರೆ ಕಬ್ಬಿಣ ಹಾಳಾಗೋದು ಅಂತಲೇ ಅಂದ್ಕೊಂಡಿರ್ತೀವಿ. ಅಸಲಿಗೆ ಆಗ ಕಬ್ಬಿಣ ತನ್ನ ಎಲೆಕ್ಟ್ರಾನ್ ಕೊಟ್ಟುಬಿಡ್ತಿರುತ್ತೆ. ಪಕ್ಕದಲ್ಲಿ ಕ್ರೋಮಿಯಂ ವಿಷ ಇದ್ರೆ ಅದಕ್ಕೇ ಕೊಡುತ್ತೆ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎಲಿಜಬೆತ್ ಸಿಟಿ ಅಂತ ಊರು. ಅಲ್ಲಿನ ಕೋಸ್ಟ್ ಗಾರ್ಡ್ ನೆಲೆಯ ಎಲೆಕ್ಟ್ರೋಪ್ಲೇಟಿಂಗ್ (ಲೋಹದ ಮೇಲೆ ಲೋಹದ ಲೇಪ ಹಚ್ಚೋ) ಶೆಡ್‌ನಿಂದ ಕ್ರೋಮಿಯಂ ನೆಲಕ್ಕಿಳಿದಿತ್ತು. 1996ರಲ್ಲಿ ಅಂತರ್ಜಲ ಹರಿದು ಬರೋ ದಾರಿಗೆ ಅಡ್ಡಲಾಗಿ 46 ಮೀಟರ್ ಉದ್ದ, ಸುಮಾರು 7 ಮೀಟರ್ ಆಳಕ್ಕೆ ಕಂದಕ ತೋಡಿ ಕಬ್ಬಿಣದ ಹರಳು ತುಂಬಿದರು. ಅಗಲ ಬರೀ ಎರಡಡಿ! ಪಂಪ್ ಇಲ್ಲ, ಕರೆಂಟ್ ಇಲ್ಲ. ನೀರು ತನ್ನ ಪಾಡಿಗೆ ನುಸುಳಿಕೊಂಡು ಹೋಗುತ್ತೆ. ಕರಗಿ ಓಡಾಡ್ತಿದ್ದ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದ್ರೆ ಕ್ರೋಮಿಯಂನ ವಿಷಕಾರಿ ರೂಪ, ಎಲೆಕ್ಟ್ರಾನ್ ಇಸ್ಕೊಂಡು ನೀರಲ್ಲಿ ಸುಲಭಕ್ಕೆ ಕರಗದ ಬೇರೆ ರೂಪಕ್ಕೆ ತಿರುಗಿ, ಕಬ್ಬಿಣದ ಜೊತೆ ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತೆ.

ನಮ್ಮ ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಅಂತರ್ಜಲಕ್ಕೆ ಸೇರಿರೋದೂ ಇದೇ ಕ್ರೋಮಿಯಂ. ಅದೇ ಪೀಣ್ಯದಲ್ಲಿ ಲೇತ್ ಮಷೀನ್ ಕೆಳಗೆ ದಿನಾ ಕಬ್ಬಿಣದ ಚೂರು ಗುಡ್ಡೆ ಬೀಳುತ್ತೆ, ಸುರುಳಿ ಸುರುಳಿಯಾಗಿ, ಎಣ್ಣೆ ಮೆತ್ತಿಕೊಂಡು. ನಮ್ಮದು ಗಟ್ಟಿ ಬಂಡೆಯ ನೆಲ, ನೀರು ಬಿರುಕಲ್ಲಿ ಹರಿಯುತ್ತೆ. ಕಂದಕ ತೋಡಿದಷ್ಟು ಸಲೀಸಲ್ಲ, ಗೊತ್ತು. ಆದ್ರೂ ಗುಜರಿಗೆ ಹೋಗೋ ಆ ಚೂರು, ಕುಡಿಯೋಕಾಗದ ಈ ನೀರು, ಎರಡೂ ಒಂದೇ ಬೀದಿಯಲ್ಲಿವೆ ಅನ್ನೋದು ಬೆಳಿಗ್ಗೆಯಿಂದ ತಲೆಯಲ್ಲಿ ಕೊರೀತಿದೆ.

ಮೊಳೆ ಡಬ್ಬಿ ಇನ್ನೂ ಸಿಂಕ್ ಪಕ್ಕದಲ್ಲೇ ಇದೆ. ಎಸೆಯೋಕೆ ಮನಸ್ಸು ಬರ್ತಿಲ್ಲ.