ಬಾವಿಯ ಪದರಗಳು ಮತ್ತು ನಿಕಲ್ ಅದಿರು

ಬೆಳಗಾವಿಯ ಪಶ್ಚಿಮದ ಗುಡ್ಡಸಾಲಿನ ಹಳ್ಳಿಯೊಂದರಲ್ಲಿ ನಮ್ಮ ಸೋದರಮಾವ ಬಾವಿ ತೋಡಿಸುತ್ತಿದ್ದಾಗ, ಭೂವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ಅವರ ಸ್ನೇಹಿತರೊಬ್ಬರು ನೋಡಲು ಬಂದಿದ್ದರು. ಬಾವಿಯಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ, ಅದರ ಕೆಳಗೆ ಹಳದಿ ಮಿಶ್ರಿತ ಬಿಳಿ ಮಣ್ಣು, ಇನ್ನೂ ಕೆಳಗೆ ಮೂಲ ಕಲ್ಲಿನ ಬಿರುಕುಗಳ ಗುರುತು ಉಳಿದಿದ್ದರೂ ಹಿಸುಕಿದರೆ ಪುಡಿಯಾಗುವ ಪದರ ಇದ್ದವು. "ಕಲ್ಲು ಕೊಳತೈತ್ರಿ ಸಾಹೇಬ್ರ, ಇಲ್ಲೇ ನೀರು ಸಿಗತೈತಿ" ಎಂದು ಕೆಳಗಿನಿಂದ ಕೆಲಸಗಾರರು ಕೂಗಿದರು. ಜಗತ್ತಿನ ನಿಕಲ್ ನಿಕ್ಷೇಪಗಳ ಬಹುಪಾಲು ಹೀಗೆ ಕೊಳೆತ ಕಲ್ಲಿನಲ್ಲೇ ಇದೆಯೆಂದು ಮೇಷ್ಟ್ರು ಹೇಳಿದಾಗ ನಾನು ಸಹಜವಾಗಿಯೇ, ಇಲ್ಲಿಯೂ ಇರಬಹುದೇ ಎಂದು ಕೇಳಿದೆ.

ಇಲ್ಲ, ಏಕೆಂದರೆ ತಾಯಿಕಲ್ಲು, ಅಂದರೆ ಕೊಳೆಯುವ ಮೂಲ ಕಲ್ಲು, ಬೇರೆ. ನಿಕಲ್ ಅದಿರು ಹುಟ್ಟುವುದು ಭೂಮಿಯ ಆಳದಿಂದ ಮೇಲೆದ್ದು ಬಂದ, ಆಲಿವೀನ್ ಖನಿಜ ಹೇರಳವಾಗಿರುವ ಪೆರಿಡೊಟೈಟ್ ಕಲ್ಲಿನಿಂದ. ಅದರಲ್ಲಿ ನಿಕಲ್ ಸುಮಾರು ಶೇ. 0.2ರಿಂದ 0.3ರಷ್ಟು ಮಾತ್ರ. ಉಷ್ಣವಲಯದ ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗಿ ಇಳಿಯುವಾಗ ಆಲಿವೀನ್ ಬೇಗನೆ ಕರಗುತ್ತದೆ. ಅದರಲ್ಲಿದ್ದ ಮೆಗ್ನೀಸಿಯಮ್ ಮತ್ತು ಸಿಲಿಕಾದ ಹೆಚ್ಚಿನ ಭಾಗ ನೀರಿನೊಂದಿಗೆ ಹೋಗುತ್ತದೆ, ಕಬ್ಬಿಣ ತುಕ್ಕಾಗಿ ಮೇಲೆಯೇ ಉಳಿಯುತ್ತದೆ. ನಿಕಲ್‌ನ ಒಂದು ಪಾಲನ್ನು ಆ ತುಕ್ಕಿನ ಖನಿಜವಾದ ಗೀಥೈಟ್ ಹಿಡಿದಿಟ್ಟುಕೊಂಡರೆ, ಉಳಿದದ್ದು ಕೆಳಗಿಳಿದು, ಆಮ್ಲ ತಗ್ಗಿದ ಅರೆಕೊಳೆತ ಪದರದಲ್ಲಿ ಮೆಗ್ನೀಸಿಯಮ್ಮಿನ ಜಾಗವನ್ನು ಹಿಡಿಯುತ್ತದೆ. ಹಾಗಾಗಿ ಮೇಲಿನ ಕೆಂಪು-ಹಳದಿ ಮಣ್ಣಿನಲ್ಲಿ ಸಾಮಾನ್ಯವಾಗಿ ಶೇ. 1ರ ಆಸುಪಾಸಿನಲ್ಲಿರುವ ನಿಕಲ್ ಕೆಳಗಿನ ಪದರದಲ್ಲಿ ಶೇ. 2ನ್ನೂ ದಾಟಬಲ್ಲದು. ಪೆಸಿಫಿಕ್ ಸಾಗರದ ದ್ವೀಪ ನ್ಯೂ ಕ್ಯಾಲೆಡೋನಿಯಾದಲ್ಲಿ 1860ರ ದಶಕದಲ್ಲಿ ಫ್ರೆಂಚ್ ಎಂಜಿನಿಯರ್ ಜೂಲ್ಸ್ ಗಾರ್ನಿಯೇ ಗುರುತಿಸಿದ ಹಸಿರು ಅದಿರು ಈ ಬಗೆಯದೇ. ಗಾರ್ನಿಯರೈಟ್ ಎಂಬ ಹೆಸರೂ ಅವರಿಂದಲೇ ಬಂದಿದೆ.

ನಮ್ಮ ಕರಿಕಲ್ಲು ಬಸಾಲ್ಟ್. ಅದರಲ್ಲಿ ನಿಕಲ್ ಅತ್ಯಲ್ಪ, ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಧಾರಾಳ. ಅದೇ ಮಳೆ, ಅದೇ ಕೊಳೆಯುವಿಕೆ ಇಲ್ಲಿ ಅಲ್ಯುಮಿನಿಯಂ ಅದಿರಾದ ಬಾಕ್ಸೈಟನ್ನು ಉಳಿಸಿತು. ಬೆಳಗಾವಿಗೆ ಅಲ್ಯುಮಿನಾ ಕಾರ್ಖಾನೆ ಬಂದದ್ದರ ಹಿಂದೆ ಈ ನಿಕ್ಷೇಪಗಳಿವೆ. ಮಾವನಿಗೆ ಮಾತ್ರ ನೀರಿನದೇ ಚಿಂತೆ, ಅದು ನ್ಯಾಯವೂ ಹೌದು.

ಭಾರತದಲ್ಲಿ ಇಂಥ ನಿಕಲ್ ಮಣ್ಣಿರುವುದು ಮುಖ್ಯವಾಗಿ ಒಡಿಶಾದ ಸುಕಿಂದಾ ಕಣಿವೆಯಲ್ಲಿ, ಕ್ರೋಮೈಟ್ (ಕ್ರೋಮಿಯಂ ಅದಿರು) ಗಣಿಗಳಲ್ಲಿ ಅಗೆದು ಬದಿಗೆ ಸುರಿಯುವ ಮೇಲ್ಮಣ್ಣಿನಲ್ಲಿ. ಅಲ್ಲಿನ ನಿಕಲ್ ಗೀಥೈಟಿನ ಒಳರಚನೆಯಲ್ಲೇ ಸೇರಿಹೋಗಿರುವುದರಿಂದ, ಕುಟ್ಟಿ ಜಾಲಾಡಿ ಬೇರ್ಪಡಿಸಲು ಬರುವುದಿಲ್ಲ. ಆಮ್ಲದಲ್ಲಿ ಕರಗಿಸುವಂಥ ದುಬಾರಿ ವಿಧಾನಗಳೇ ಬೇಕಾಗುತ್ತವೆ.