ಸರ್ಕಾರಿ ಕಾಲೇಜಿನ ಫೀಸು ಕಟ್ಟಿದವರು

ಮಗಳಿಗೆ ಈ ಸೆಮಿಸ್ಟರಿನಲ್ಲಿ ಹೊಸ ಕೆಲಸ ಸಿಕ್ಕಿದೆ. ಇಲ್ಲಿ ಅಮೆರಿಕದಲ್ಲಿ ಅವಳು ಓದುತ್ತಿರುವ ಯೂನಿವರ್ಸಿಟಿಯಲ್ಲೇ, ಸಂಜೆ ಹೊತ್ತು. ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ದುಡ್ಡು ಕೇಳುವ ಕೆಲಸ. ನಂಗೆ ನಗು ಬಂತು. ದುಡ್ಡು ಕೇಳಿ ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ. ಗಣಪತಿ ಚಂದಾ ಎತ್ತೋದಕ್ಕೂ ನಮ್ಮಪ್ಪ ನನ್ನನ್ನು ಬಿಡುತ್ತಿರಲಿಲ್ಲ.

ಕಿವಿಗೆ ಹೆಡ್‌ಸೆಟ್, ಮುಂದೆ ಸ್ಕ್ರೀನು. ಅದರಲ್ಲಿ ಹಳೇ ವಿದ್ಯಾರ್ಥಿಯ ಹೆಸರು, ಓದಿದ ವಿಭಾಗ, ಪಾಸಾದ ವರ್ಷ, ಹೋದ ಸಲ ಎಷ್ಟು ಕೊಟ್ಟಿದ್ದರು ಅನ್ನೋ ಲೆಕ್ಕ. ಮೊದಲು ದೊಡ್ಡ ಮೊತ್ತವನ್ನೇ ಕೇಳಬೇಕಂತೆ. ಆಗಲ್ಲ ಅಂದರೆ ಅರ್ಧಕ್ಕೆ ಇಳಿಯಬೇಕು. ಅದೂ ಆಗಲ್ಲ ಅಂದರೆ ಕಾಲುಭಾಗ. ಥೇಟ್ ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ, ಆದರೆ ಇಲ್ಲಿ ಇಳಿಸುವವಳು ಅಂಗಡಿಯವಳೇ! ಕೆಲವರು ಬೈದು ಫೋನ್ ಇಡುತ್ತಾರೆ. ಒಬ್ಬ ಅಜ್ಜಿ ಮಾತ್ರ ತಾನಿದ್ದ ಹಾಸ್ಟೆಲ್ ಈಗಲೂ ಇದೆಯಾ, ಅದರ ಮೆಟ್ಟಿಲು ಇನ್ನೂ ಕಿರುಗುಟ್ಟುತ್ತಾ ಅಂತ ವಿಚಾರಿಸಿಕೊಂಡು, ಗಂಡ ತೀರಿಕೊಂಡ ಕಥೆ ಹೇಳಿ, ಕೊನೆಗೆ 25 ಡಾಲರ್ ಕೊಟ್ಟರಂತೆ. ರಿಟೈರ್ ಆದ ಸ್ಕೂಲ್ ಟೀಚರ್. ಪ್ರತಿ ವರ್ಷವೂ ಅಷ್ಟೇ ಕೊಡುತ್ತಾರೆ, ಹೆಚ್ಚಿಲ್ಲ, ಕಮ್ಮಿ ಇಲ್ಲ.

ಊಟಕ್ಕೆ ಕೂತಾಗ ಮಗಳು ಕೇಳಿದಳು, "ಅಪ್ಪಾ, ನಿನ್ನ ಕಾಲೇಜಿಂದ ಯಾರೂ ಫೋನ್ ಮಾಡೋದೇ ಇಲ್ವಾ?"

"ಇಲ್ಲ ಪುಟ್ಟಿ. ಅದು ಸರ್ಕಾರಿ ಕಾಲೇಜು."

"ನಂದೂ ಸರ್ಕಾರಿದೇ ಅಲ್ವಾ?"

ಹೌದಲ್ಲ! ರಾಜ್ಯ ಸರ್ಕಾರದ ಯೂನಿವರ್ಸಿಟಿಯೇ ಅದು. ಅಷ್ಟಕ್ಕೇ ಬಿಡಲಿಲ್ಲ ಅವಳು. ನಿನಗೆ ಫೀಸು ಎಷ್ಟಿತ್ತು ಅಂದಳು. ಹೇಳಿದೆ. ಡಾಲರಿಗೆ ಬದಲಿಸಿದರೆ, ನನ್ನ ಇಡೀ ವರ್ಷದ ಫೀಸಿಗೆ ಅವಳ ಒಂದು ಪಠ್ಯಪುಸ್ತಕವೂ ಬರುವುದಿಲ್ಲ.

"ಅಷ್ಟರಲ್ಲಿ ಲೆಕ್ಚರರ್‌ಗಳ ಸಂಬಳ ಹೆಂಗೆ ಕೊಡ್ತಿದ್ರು? ಉಳಿದ ಫೀಸು ಯಾರು ಕಟ್ಟಿದ್ರು?"

"ಸರ್ಕಾರ."

"ಸರ್ಕಾರ ಅಂದ್ರೆ ಯಾರು?"

ಅವಳಮ್ಮ ಸಾರು ತಂದಳು, ಮಾತು ಬೇರೆ ಕಡೆ ಹೊರಳಿತು. ನನಗೆ ಮಾತ್ರ ಅವತ್ತು ನಿದ್ದೆ ಸರಿಯಾಗಿ ಬರಲಿಲ್ಲ.

ಯಾರು ಕಟ್ಟಿದ್ದು, ನಿಜಕ್ಕೂ? ತೊಂಬತ್ತರ ದಶಕದಲ್ಲಿ ನಮ್ಮೂರಿನಲ್ಲಿ ಆದಾಯ ತೆರಿಗೆ ಕಟ್ಟುವವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಕಟ್ಟಿದರೂ ಅದು ಹೋಗುತ್ತಿದ್ದುದು ದೆಹಲಿಗೆ. ರಾಜ್ಯದ ಖಜಾನೆ ತುಂಬುತ್ತಿದ್ದುದು ಹೆಚ್ಚಾಗಿ ಮಾರಾಟ ತೆರಿಗೆ, ಅಬಕಾರಿ, ವಾಹನ ತೆರಿಗೆ, ಸ್ಟಾಂಪ್ ಪೇಪರುಗಳಿಂದ. ಅಂದರೆ ಸೋಪು ಕೊಂಡವರು, ಪ್ಲಾಸ್ಟಿಕ್ ಕೊಡ ಕೊಂಡವರು, ಅರ್ಧ ಎಕರೆ ಹೊಲ ಕೊಂಡವರು. ದಿನಗೂಲಿ ಮುಗಿಸಿ ಸಂಜೆ ಸಾರಾಯಿ ಪ್ಯಾಕೆಟ್ ಕಚ್ಚಿ ಹರಿದವರು. ಸಾರಾಯಿ 2007ರಲ್ಲಿ ನಿಂತಿತು. ಅದಕ್ಕೂ ಮೊದಲೇ ನಾನು ಓದು ಮುಗಿಸಿ ವಿಮಾನ ಹತ್ತಿದ್ದೆ. ನಮಗೆ ಥರ್ಮೊಡೈನಮಿಕ್ಸ್ ಹೇಳಿಕೊಟ್ಟ ಮೇಷ್ಟ್ರ ಸಂಬಳದಲ್ಲಿ ಆ ಪ್ಯಾಕೆಟ್ಟಿನ ಪಾಲೂ ಇತ್ತು ಅನ್ನೋದು ನಮ್ಮ ಬ್ಯಾಚಿನ ಯಾರ ರೆಸ್ಯೂಮೆಯಲ್ಲೂ ಇಲ್ಲ.

ರೆಸ್ಯೂಮೆಯ ವಿಷಯಕ್ಕೆ ಬಂದರೆ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪ್ ನೋಡಬೇಕು ನೀವು. ಒಬ್ಬ ವೈಸ್ ಪ್ರೆಸಿಡೆಂಟ್ ಆದ, ಇನ್ನೊಬ್ಬನ ಕಂಪನಿ ಮಾರಾಟವಾಯಿತು, ಮತ್ತೊಬ್ಬಳ ಹೆಸರಲ್ಲಿ ಪೇಟೆಂಟು. ಪ್ರತಿ ಸುದ್ದಿಗೂ ಚಪ್ಪಾಳೆ, ಹೂಗುಚ್ಛ. ಸುಳ್ಳೇನಲ್ಲ, ಎಲ್ಲವೂ ಹೆಮ್ಮೆಯ ವಿಷಯವೇ. ಹಳ್ಳಿಯ ಕನ್ನಡ ಮೀಡಿಯಂ ಶಾಲೆಯಿಂದ ಬಂದು, ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಾಠ ತಲೆಗೆ ಹೋಗದೆ ಅತ್ತವರು ಇವರು. ಬೆಳ್ಳಿಹಬ್ಬ ಒಂದು ರೆಸಾರ್ಟಿನಲ್ಲಿ ನಡೆಯಿತು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಮೇಲೆ ಡ್ರೋನು, ರಾತ್ರಿ ಡಿಜೆ. ಮಾರನೇ ದಿನ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ವರ್ಕ್‌ಶಾಪಿನಲ್ಲಿ ಫೋಟೊ ತೆಗೆಸಿಕೊಂಡರು. ಹಿಂದೆ ನಿಂತಿದ್ದ ಲೇತ್ ನಾವು ಬಳಸಿದ್ದೇ. 'ಅಯ್ಯೋ, ನಮ್ಮ ಲೇತ್ ಇನ್ನೂ ಇದೆ ಕಣ್ರೋ' ಅಂತ ಗ್ರೂಪಿನಲ್ಲಿ ಸಂಭ್ರಮವೋ ಸಂಭ್ರಮ. ಆ ಲೇತ್ ಇನ್ನೂ ಯಾಕೆ ಅಲ್ಲೇ ಇದೆ ಅಂತ ಯಾರೂ ಕೇಳಲಿಲ್ಲ.

ನಮ್ಮಲ್ಲಿ ಕೊಡುವವರೇ ಇಲ್ಲ ಅಂತಲ್ಲ. ಸರ್ಕಾರದ ದುಡ್ಡಲ್ಲಿ ಓದಿ ವಾಪಸ್ ಕೊಟ್ಟವರಲ್ಲಿ ವಿಶ್ವೇಶ್ವರಯ್ಯನವರಿಗಿಂತ ದೊಡ್ಡ ಉದಾಹರಣೆ ಎಲ್ಲಿದೆ? ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದವರು ಅವರು. ದಿವಾನರಾಗಿದ್ದಾಗ 1917ರಲ್ಲಿ ಬೆಂಗಳೂರಿಗೆ ಒಂದು ಇಂಜಿನಿಯರಿಂಗ್ ಕಾಲೇಜು ತಂದರು. ಅದೇ ಇವತ್ತಿನ ಯುವಿಸಿಇ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಮುಖ್ಯಸ್ಥರಾಗಿದ್ದ ವಿ.ಕೆ. ಆತ್ರೆ, ಆಕಾಶ್ ಕ್ಷಿಪಣಿಯ ಪ್ರಹ್ಲಾದ ರಾಮರಾವ್ ಇಬ್ಬರೂ ಅಲ್ಲಿ ಓದಿದವರು. ಕೆ.ಆರ್. ಸರ್ಕಲ್‌ನಲ್ಲಿ ಅದರ ಆಚೀಚೆಯೇ ಎಸ್‌ಜೆಪಿ ಪಾಲಿಟೆಕ್ನಿಕ್ ಇದೆಯಲ್ಲ, ಅದರ ಕಥೆ ನಂಗೆ ಇನ್ನೂ ಇಷ್ಟ. ಭದ್ರಾವತಿ ಕಬ್ಬಿಣದ ಕಾರ್ಖಾನೆಯಿಂದ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಹುಡುಗರು ಕಸುಬು ಕಲಿಯುವ ಶಾಲೆಗೆ ಅಂತ ಬಿಟ್ಟುಕೊಟ್ಟರು ವಿಶ್ವೇಶ್ವರಯ್ಯ. ಶಾಲೆಗೆ ತಮ್ಮ ಹೆಸರು ಇಡಿಸಿಕೊಳ್ಳಲಿಲ್ಲ. ಅದು ಜಯಚಾಮರಾಜೇಂದ್ರರ ಹೆಸರಿನಲ್ಲಿ ಶುರುವಾಯಿತು.

ಈಗ ಇಲ್ಲಿನ ಒಂದು ಸಂಗತಿ ಕೇಳಿ. ಅಮೆರಿಕದ ಯೂನಿವರ್ಸಿಟಿಗಳಲ್ಲಿ ದೊಡ್ಡ ದುಡ್ಡು ಕೊಟ್ಟವರ ಹೆಸರನ್ನು ಇಡೀ ಬಿಸಿನೆಸ್ ಸ್ಕೂಲಿಗೇ ಇಡುವ ರೂಢಿ ಇದೆ. ಮಿಷಿಗನ್ ವಿಶ್ವವಿದ್ಯಾಲಯದ ಹಳೇ ವಿದ್ಯಾರ್ಥಿ ಸ್ಟೀಫನ್ ರಾಸ್ 2004ರಲ್ಲಿ 10 ಕೋಟಿ ಡಾಲರ್ ಕೊಟ್ಟರು. ಅಲ್ಲಿನ ಬಿಸಿನೆಸ್ ಸ್ಕೂಲ್ ರಾಸ್ ಸ್ಕೂಲ್ ಆಯಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹಳೇ ವಿದ್ಯಾರ್ಥಿಗಳು 2007ರಲ್ಲಿ ಉಲ್ಟಾ ಮಾಡಿದರು. ಕೆಲವರು ಸೇರಿ 8.5 ಕೋಟಿ ಡಾಲರ್ ಕೂಡಿಸಿ ಕೊಟ್ಟರು. ಷರತ್ತು ಒಂದೇ: ಕಮ್ಮಿ ಅಂದರೆ 20 ವರ್ಷ ಬಿಸಿನೆಸ್ ಸ್ಕೂಲಿಗೆ ಯಾವ ದಾನಿಯ ಹೆಸರೂ ಇಡಬಾರದು, ವಿಸ್ಕಾನ್ಸಿನ್ ಅಂತಲೇ ಇರಬೇಕು. ಹೆಸರು ಹಾಕಿಸೋಕೆ ದುಡ್ಡು ಕೊಡೋದು ಗೊತ್ತು. ಹೆಸರು ಹಾಕದೇ ಇರೋಕೆ ಇಷ್ಟು ದುಡ್ಡು ಕೊಟ್ಟವರನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಇದನ್ನೆಲ್ಲ ಹೇಳಿ ಇಲ್ಲಿನವರನ್ನು ಹೊಗಳಿ ಅಟ್ಟಕ್ಕೆ ಏರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಇಲ್ಲಿ ಫೋನ್ ಮಾಡೋದಕ್ಕೆ ಕಾರಣ ಇದೆ. ರಾಜ್ಯ ಸರ್ಕಾರಗಳು ಕೈ ಹಿಂದೆ ತೆಗೆದಷ್ಟೂ ಫೀಸು ಏರುತ್ತಾ ಬಂತು. ಮಗಳ ಪಕ್ಕ ಕೂತು ಫೋನ್ ಮಾಡುವ ಹುಡುಗನ ತಲೆ ಮೇಲೆ ಓದಿನ ಸಾಲವಿದೆ. ಆ ಸಾಲಗಾರನೇ ಹಳಬರಿಗೆ ಫೋನ್ ಮಾಡಿ 'ಸ್ವಲ್ಪ ಕೊಡಿ' ಅನ್ನಬೇಕು. ಇನ್ನು 1862ರ ಮಾರಿಲ್ ಕಾಯ್ದೆಯಲ್ಲಿ ಅಮೆರಿಕ ಸರ್ಕಾರ ಯೂನಿವರ್ಸಿಟಿಗಳಿಗೆ ಅಂತ ರಾಜ್ಯಗಳಿಗೆ ಹಂಚಿದ ಭೂಮಿ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಅವರ ಹೆಸರು ಯಾವ ದಾನಿಗಳ ಪಟ್ಟಿಯಲ್ಲಿದೆ?

ಆದರೂ ಆ ಟೀಚರಜ್ಜಿಯ 25 ಡಾಲರ್ ನನ್ನನ್ನು ಬಿಡಲೊಲ್ಲದು. ಕೊಟ್ಟಿದ್ದು ಫೋನಿನಲ್ಲೇ ಮುಗಿಯಿತು. ರಸೀದಿ ಇ-ಮೇಲಿಗೆ ಬಂತು. ಅಷ್ಟೇ. ನಮ್ಮಲ್ಲಿ ಹೀಗೆ ಸುಮ್ನೆ ಕೊಡೋಕೆ ಆಗುತ್ತಾ? ಒಮ್ಮೆ ರಜೆಗೆ ಹೋದಾಗ ನಮ್ಮ ಕಾಲೇಜಿನ ಲೈಬ್ರರಿಗೆ ಒಂದಷ್ಟು ಪುಸ್ತಕ ಕೊಡೋಕೆ ಹೋದೆ. ಪುಸ್ತಕದ ಕಟ್ಟು ಆಫೀಸಿನ ಮೂಲೆಯಲ್ಲೇ ಕೂತಿತ್ತು. ನನ್ನನ್ನು ಮಾತ್ರ ವೇದಿಕೆಗೆ ಹತ್ತಿಸಿದರು. ಹಾರ, ಶಾಲು, ಹಣ್ಣಿನ ಬುಟ್ಟಿ, ತಲೆಗೆ ಮೈಸೂರು ಪೇಟ, ಕೈಗೊಂದು ಗಾಜಿನ ಸ್ಮರಣಿಕೆ. ಸ್ವಾಗತ ಭಾಷಣದಲ್ಲಿ ನನ್ನ ಹೆಸರು ತಪ್ಪಾಗಿ ಹೇಳಿದರು, ಅಮೆರಿಕ ಅನ್ನೋದನ್ನು ಮಾತ್ರ ಸರಿಯಾಗಿ, ಮತ್ತೆ ಮತ್ತೆ ಹೇಳಿದರು. ಮುಂದೆ ಕೂತಿದ್ದ ಹುಡುಗರು ಆಕಳಿಸುತ್ತಿದ್ದರು, ಪಾಪ. ಅವರ ಎರಡು ಪೀರಿಯಡ್ ನನ್ನ ಪೇಟಕ್ಕೆ ಹೋಯಿತು.

ಅವತ್ತು ಕೊನೆ ಸಾಲಿನಲ್ಲಿ ನನ್ನ ರೂಂಮೇಟ್ ಕೂತಿದ್ದ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್. ಸರ್ವಿಸಿನ ಬಹುಪಾಲು ಭದ್ರಾ ನಾಲೆಯ ಮೇಲೇ ಕಳೆದವನು. ನಾಲೆಗೆ ನೀರು ಬಿಟ್ಟಾಗ ಕೊನೇ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ. ಮೇಲಿನವರು ಪಂಪ್‌ಸೆಟ್ ಇಟ್ಟು ಎಳೆದುಕೊಳ್ಳುತ್ತಾರೆ. ಆಗ ರಾತ್ರಿ ಹೊತ್ತು ಟಾರ್ಚ್ ಹಿಡಿದು ತೂಬಿನಿಂದ ತೂಬಿಗೆ ಓಡಾಡುವವನು ಇವನೇ. ಎರಡೂ ಕಡೆಯವರಿಂದ ಬೈಸಿಕೊಳ್ಳುವವನೂ ಇವನೇ. ಗ್ರೂಪಿನಲ್ಲಿ ಇವನ ಸುದ್ದಿಗೆ ಚಪ್ಪಾಳೆ ಬಿದ್ದದ್ದು ನಾನು ನೋಡಿಲ್ಲ. ಸಾಧಕರು ಅಂತ ವೇದಿಕೆಗೆ ಕರೆಯುವಾಗ ನಮ್ಮವರ ಕಣ್ಣು ಸಮುದ್ರದಾಚೆಗೇ ಹೋಗುತ್ತದೆ. ಸೋಪಿನ ಮೇಲೆ ತೆರಿಗೆ ಕಟ್ಟಿ ನಮ್ಮನ್ನು ಓದಿಸಿದವರ ಹೊಲಕ್ಕೆ ನೀರು ಹರಿಸಿದವನು ಕೊನೆ ಸಾಲಿನಲ್ಲಿ.

ಮಗಳ ಪ್ರಶ್ನೆ ಅವನಿಗೆ ಹೇಳಿದೆ, ಫೋನಿನಲ್ಲಿ. ನಕ್ಕ. "ಫೋನ್ ಬರ್ತದೆ ಅಂತ ಕಾಯ್ಕೊಂಡು ಕೂತ್ರೆ ಆಯ್ತು ಬಿಡು" ಅಂದ. ಆಮೇಲೆ ಗೊತ್ತಾಯಿತು, ಹಾಸ್ಟೆಲ್ಲಿನಲ್ಲಿ ಮೆಸ್ ಬಿಲ್ ಬಾಕಿ ಇದ್ದು ನೋ ಡ್ಯೂ ಸರ್ಟಿಫಿಕೇಟ್ ಸಿಗದೆ ಪರದಾಡುವ ಹುಡುಗರ ಬಾಕಿಯನ್ನು ಇವನು ಪ್ರತಿ ಸೆಮಿಸ್ಟರ್ ತೀರಿಸುತ್ತಾ ಬಂದಿದ್ದಾನೆ, ವಾರ್ಡನ್ ಮೂಲಕ. ಹುಡುಗರಿಗೆ ಯಾರು ಕಟ್ಟಿದರು ಅಂತ ತಿಳಿಸುವಂತಿಲ್ಲ. ಮೆಸ್ಸಿನಲ್ಲಿ ನಾವಿದ್ದಾಗ ಇವನ ಹೆಸರೂ ಬಾಕಿದಾರರ ಬೋರ್ಡಿನಲ್ಲಿ ಇರುತ್ತಿತ್ತು. ಸೀಮೆಸುಣ್ಣದಲ್ಲಿ, ದಪ್ಪ ಅಕ್ಷರದಲ್ಲಿ.

ಅದನ್ನೇ ಸ್ವಲ್ಪ ದೊಡ್ಡದು ಮಾಡೋಣ ಅಂತ ಈಗ ನಾವು ಕೆಲವರು ಹೊರಟಿದ್ದೇವೆ. ಹೊರಡುತ್ತಲೇ ಕಾಲಿಗೆ ತೊಡರಿದ್ದು ಕಾನೂನು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತಕರಾರಿಲ್ಲ. ಅಮೆರಿಕದ ಪಾಸ್‌ಪೋರ್ಟ್ ತಗೊಂಡವರ ದುಡ್ಡು ಮಾತ್ರ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ. ಅದನ್ನು ಪಡೆಯುವ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ, ಇಲ್ಲವೇ ಮುಂಚಿತ ಅನುಮತಿ ಬೇಕು. ಟ್ರಸ್ಟ್ ಎಲ್ಲೇ ಇರಲಿ, 2020ರ ತಿದ್ದುಪಡಿ ಆದಮೇಲೆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಗೇ ಬರಬೇಕು. ಹಾಗಾಗಿ ಸದ್ಯಕ್ಕೆ ಹಳೇ ಪಾಸ್‌ಪೋರ್ಟಿನವರು ಮಾತ್ರ ಶುರು ಮಾಡುತ್ತಿದ್ದೇವೆ. ತಿಂಗಳಿಗೆ ಇಷ್ಟು ಅಂತ, ಸಣ್ಣ ಮೊತ್ತ, ಬ್ಯಾಂಕಿನಿಂದ ತಾನಾಗಿಯೇ ಹೋಗುವ ಹಾಗೆ.

ರೂಂಮೇಟಿನದು ಒಂದೇ ಷರತ್ತು: ಫೋಟೊ, ಬ್ಯಾನರ್ ಏನೂ ಬೇಡ. ಕಾಲೇಜಿನವರು ತಕ್ಷಣ ಒಪ್ಪಿದರು. ಒಪ್ಪಿ, ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನಾಚರಣೆಗೆ ದಾನಿಗಳ ಸನ್ಮಾನ ಇಟ್ಟುಕೊಂಡಿದ್ದೇವೆ, ಯಾರ್ಯಾರು ಬರುತ್ತೀರಿ ತಿಳಿಸಿ ಅಂತ ಪತ್ರ ಕಳಿಸಿದ್ದಾರೆ. ಇವನು ಬರೋದಿಲ್ಲ ಅಂತಾನೆ, ಅವರು ಬಿಡೋದಿಲ್ಲ ಅಂತಾರೆ. ಮಾತುಕತೆ ಇನ್ನೂ ನಡೆದೇ ಇದೆ.